ದೂರದ ಬೆಟ್ಟ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಕನ್ನಡಿಗರು ಬೆಟ್ಟದ ವಿಷಯವಾಗಿ ಬಳಸುವುದು ಅಪೂರ್ವ. ಪರವೂರಿನ ಉದ್ಯೋಗಕ್ಕೋ ಕಂಡರಿಯದ ಸಂಬಂಧಕ್ಕೋ ಆಸೆಪಟ್ಟವರನ್ನು ಎಚ್ಚರಿಸುವುದಕ್ಕೆ ಮನೆಯ ಹಿರಿಯರು ಅದನ್ನು ಎತ್ತಿ ಹೇಳುವುದುಂಟು. ಅಲಂಕಾರವನ್ನು ಬದಿಗಿರಿಸಿ ಗಾದೆಯ ವಾಚ್ಯಾರ್ಥವನ್ನೇ ಹಿಡಿದು ಹೊರಟರೆ, ಹಿಮಾಲಯದ ಗಢವಾಲ ಪ್ರಾಂತದಲ್ಲಿ ಕಳೆದ ಅರುವತ್ತು ವರ್ಷಗಳಿಂದ ನಡೆದುಬಂದುದಕ್ಕೆ ಅದೊಂದು ಸೂತ್ರದಂತೆ ತೋರುವುದು. ಅಲ್ಲಿಯ ಬೆಟ್ಟಗಳ ವಿಷಯದಲ್ಲಿ ತೀರ್ಮಾನ ಮಾಡಿದವರಲ್ಲಿ ಬಹುಮಂದಿ ಅವುಗಳನ್ನು ನುಣ್ಣಗೆ ಕಂಡವರು. ಅವುಗಳ ಒರಟನ್ನು ಅಂಗಾಲಿನಿಂದ ಅರಿತವರನ್ನು ಕರೆದು ಕೇಳಿದವರು ಕಡಮೆ.

ಪಂಡಿತರೂ ಈ ದೋಷಕ್ಕೆ ಹೊರತಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಪರ್ವತದ ಪರ್ಯಾಯಪದಗಳು ಕೂಡಲೆ ನೆನಪಾಗುತ್ತವೆ. ಅವುಗಳಲ್ಲಿ ಅಚಲ ಎಂಬುದೊಂದು, ಅಹಾರ್ಯ ಎಂಬುದೊಂದು. ಚಲಿಸದ್ದು, ಒಯ್ಯಲಾಗದ್ದು ಎಂದು ಅವುಗಳ ಅರ್ಥ. ಕಾಳಿದಾಸನು ಕುಮಾರಸಂಭವದ ಪ್ರಥಮ ಸರ್ಗದಲ್ಲಿ ಹಿಮವಂತನನ್ನು ವರ್ಣಿಸುವಾಗ ಭೂರ್ಜವೃಕ್ಷದ ತೊಗಟೆಯನ್ನೂ ಚಮರೀಮೃಗಗಳನ್ನೂ ಕಿನ್ನರಸ್ತ್ರೀಯರನ್ನೂ ಕಣ್ಣಿಗೆ ಕಟ್ಟುವಂತೆ ತಂದಿರುವನು. ಹುಲ್ಲಿನ ಹೊರೆಯನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುವ ಹೆಂಗಸು ಮಾತ್ರ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕವಿಯನ್ನು ಆಕ್ಷೇಪಿಸಿ ಫಲವೇನು? ಆದರೆ ಪುರಾಣದ ಕಥೆಯೊಂದು ಈ ವಿಷಯದಲ್ಲಿ ಕೋಶಕ್ಕಿಂತ ಹೆಚ್ಚು ನಿಜವನ್ನು ನುಡಿಯುತ್ತದೆ. ಪೂರ್ವಕಾಲದಲ್ಲಿ ಪರ್ವತಗಳಿಗೆ ರೆಕ್ಕೆಗಳಿದ್ದುವಂತೆ. ಅವು ಹಾರಿಹಾರಿ ಬೇಕಾದೆಡೆ ಕುಳಿತು ಜನರನ್ನು ಅರೆಯುತ್ತಿರಲು ಇಂದ್ರನು ರೆಕ್ಕೆಗಳನ್ನು ಕತ್ತರಿಸಿದನಂತೆ. ಭೂವಿಜ್ಞಾನಿಗಳು ಹೇಳುವುದೂ ಇದಕ್ಕೆ ದೂರವಲ್ಲ. ಭರತಖಂಡದ ನೆಲವು ವರುಷಕ್ಕೆ ಸುಮಾರು ೪-೫ ಸೆಂಟಿಮೀಟರಿನಂತೆ ಉತ್ತರಕ್ಕೆ ಒತ್ತುತ್ತಲೇ ಇರುವುದು. ಆ ಒತ್ತಡದಿಂದ ಮೇಲೆದ್ದ ಹಿಮಾಲಯವು ಜಗತ್ತಿನ ಮಹಾಪರ್ವತಗಳಲ್ಲಿ ಅತ್ಯಂತ ಕಿರಿದಾದ ವಯಸ್ಸಿನದು. ಅದರ ಬಂಡೆಗಳು ನಲುಗಿ ಬಿರುಕುಬಿಟ್ಟಿರುವುವು. ಸಹ್ಯಾದ್ರಿಯ ಹಳೆಯ ಕಲ್ಲಿನಂಥದಲ್ಲ ಅದು. ರೆಕ್ಕೆ ಕತ್ತರಿಸಿದ ಗಾಯ ಇನ್ನೂ ಮಾಯ್ದಿಲ್ಲವೆಂದರೂ ಸಲ್ಲುವುದು.

ಕನ್ನಡನಾಡಿನಿಂದ ಬದರೀಯಾತ್ರೆಗೆ ಹೋಗುವವರು ಇಂದಿಗೂ ಹೇರಳವಾಗಿದ್ದಾರೆ. ಹಿಂದೆ ಹೃಷೀಕೇಶದಿಂದ ಕಾಲ್ನಡೆಯಾಗಿ, ಚಟ್ಟಿಯಿಂದ ಚಟ್ಟಿಗೆ ತಂಗುತ್ತ, ವಾರಗಟ್ಟಲೆ ಏರಬೇಕಾಗಿದ್ದ ದಾರಿಯನ್ನು ಈಗ ಮೋಟಾರು ಒಂದೆರಡು ದಿನಗಳಲ್ಲಿ ಮುಗಿಸುತ್ತದೆ. ಯಾತ್ರಿಕನು ಕಿಟಕಿಯ ಪಕ್ಕದಲ್ಲಿ ಕುಳಿತು ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗಗಳನ್ನು ಎಣಿಸುತ್ತ ಹೋಗುತ್ತಾನೆ. ಕೆಳಗೆ ಅಲಕನಂದೆ, ಮೇಲೆ ಕೊರೆದ ಬೆಟ್ಟ. ಚಮೋಲಿಯನ್ನು ದಾಟಿದ ಮೇಲೆ ಬಲಗಡೆಯಿಂದ ಬಿರಹೀಗಂಗೆ ಎಂಬ ಹೊಳೆಯೊಂದು ಬಂದು ಕೂಡಿಕೊಳ್ಳುತ್ತದೆ. ಅಲ್ಲಿ ಮೋಟಾರು ನಿಲ್ಲುವುದಿಲ್ಲ. ಆದರೂ ಆ ಹೊಳೆಯ ವೃತ್ತಾಂತವನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ಸರಿಯಲ್ಲ.

೧೮೯೩ರ ಮಳೆಗಾಲದ ಕೊನೆಯಲ್ಲಿ ಬಿರಹಿಯ ಕಣಿವೆಯೊಳಗೆ ಗೌನಾ ಗ್ರಾಮದ ಬಳಿ ಬೆಟ್ಟದ ಒಂದು ಪಾರ್ಶ್ವವೇ ಕುಸಿದು ಹೊಳೆಗೆ ಅಡ್ಡಲಾಗಿ ಸುಮಾರು ೯೦೦ ಅಡಿ ಎತ್ತರದ ಒಡ್ಡಾಯಿತು. ಹಿಂದೆ ನೀರು ನಿಂತು ಸರೋವರವಾಗತೊಡಗಿತು. ಆಗಿನ ಎಂಜಿನಿಯರುಗಳು ಸ್ಥಳಕ್ಕೆ ಹೋಗಿ ಅಳೆದು, ಮುಂದಿನ ವರುಷದ ಆಗಸ್ಟ್ ತಿಂಗಳಿನಲ್ಲಿ ನೀರು ಒಡ್ಡಿನ ಮೇಲೆ ಹರಿಯುವುದೆಂದು ಲೆಕ್ಕಹಾಕಿದರು. ಲೆಕ್ಕ ಹಾಕಿ ಕಾಗದದಲ್ಲಿ ಬರೆದಿಟ್ಟು ಸುಮ್ಮನಾಗಲಿಲ್ಲ. ಸರೋವರದ ದಡದಲ್ಲಿಯೇ ಕಾವಲಿದ್ದರು. ಅಲ್ಲಿಂದ ಹರಿದ್ವಾರದವರೆಗೆ ತಂತಿಯನ್ನು ಎಳೆಯಿಸಿದರು. ಪ್ರವಾಹ ಏರಬಹುದಾದ ಮಟ್ಟವನ್ನು ಕಣಿವೆಯುದ್ದಕ್ಕೂ ಗುರುತುಮಾಡಿ ಜನರನ್ನು ಅದರಿಂದ ಮೇಲಕ್ಕೆ ಸಾಗಿಸಿದರು. ತೂಗುಸೇತುವೆಗಳನ್ನು ಮೊದಲೇ ಬಿಚ್ಚಿಸಿದರು. ೧೮೯೪ರ ಆಗಸ್ಟ್ ೨೫ರಂದು ಒಡ್ಡು ಒಡೆಯಿತು. ಗಢವಾಲದ ಹಳೆಯ ರಾಜಧಾನಿಯಾದ ಶ್ರೀನಗರವು ಕೊಚ್ಚಿಹೋಯಿತು. ಸತ್ತವರು ಐವರು ಮಾತ್ರ. ಮೇಲಕ್ಕೆ ಕಳುಹಿಸಿದ್ದರೂ ಕೇಳದೆ ಮತ್ತೆ ಕೆಳಕ್ಕೆ ಬಂದಿದ್ದ ಒಬ್ಬ ಫಕೀರನೂ ಅವನ ಕುಟುಂಬದವರೂ.

ಪರಕೀಯರ ಆಳಿಕೆಯನ್ನು ಹೊಗಳುವುದಕ್ಕಾಗಿ ಈ ಮಾತನ್ನು ಎತ್ತಿದುದಲ್ಲ. ಅದೇ ಆಳಿಕೆಯು ಇಪ್ಪತ್ತು ವರುಷಗಳೊಳಗೆ ಬೆಟ್ಟದವರ ಕಾಡುಗಳನ್ನು ಕಾಯ್ದಿಟ್ಟ ಅರಣ್ಯವೆಂದು ಗೆರೆ ಎಳೆದು, ರೈಲುದಾರಿಯ ಹಲಗೆಗಳಿಗೂ ರಾಳಕ್ಕೂ ಬೇಕಾದ ಚೀಡಮರವನ್ನು ಬೆಳೆಯಿಸುವುದರಲ್ಲಿ ತೊಡಗಿತು. ಬೆಟ್ಟದ ಹೆಂಗಸರಿಗೆ ಬೇಕಾದುದು ಬಾಂಜ್ ಎಂಬ ಓಕ್ ಜಾತಿಯ ಮರ. ಅದರ ಸೊಪ್ಪು ದನಗಳಿಗೆ ಮೇವು, ಉದುರಿದ ಎಲೆ ಹೊಲಕ್ಕೆ ಗೊಬ್ಬರ, ಕೊಂಬೆ ಒಲೆಗೆ ಸೌದೆ. ಅದರ ಬುಡದ ಮೆತ್ತನೆಯ ಮಣ್ಣು ಮಳೆಯ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಊಟೆಯಾಗಿ ಬಿಡುವುದು. ಚೀಡದ ಸೂಜಿಯೆಲೆಗಳ ಮೇಲೆ ನೀರು ಜಾರಿಹೋಗುತ್ತದೆ, ಬೆಂಕಿ ಬೇಗ ಹತ್ತುತ್ತದೆ, ಹಸು ಅದನ್ನು ಮೂಸಿಯೂ ನೋಡುವುದಿಲ್ಲ. ೧೯೨೧ರಲ್ಲಿ ಕುಮಾಂವಿನ ಜನರು ಕಾಯ್ದಿಟ್ಟ ಅರಣ್ಯಗಳಿಗೆ ಬೆಂಕಿಯಿಟ್ಟರು. ಅನಂತರ ೧೯೩೧ರಲ್ಲಿ ಊರವರಿಗೇ ಕೆಲವು ಕಾಡುಗಳನ್ನು ಒಪ್ಪಿಸುವ ವನಪಂಚಾಯತಿಯ ನಿಯಮಗಳು ಬಂದುವು. ಸ್ವರಾಜ್ಯ ಬಂದ ಮೇಲೂ ಮರದ ಗುತ್ತಿಗೆ ನಿಲ್ಲಲಿಲ್ಲ.

ಯಾತ್ರಿಕನು ಅಷ್ಟರಲ್ಲಿ ಜ್ಯೋತಿರ್ಮಠವನ್ನು ತಲಪುತ್ತಾನೆ. ಜನರ ಬಾಯಲ್ಲಿ ಅದು ಜೋಶೀಮಠ. ಶೃಂಗೇರಿಯಂತೆ ಇದೂ ಶಂಕರಾಚಾರ್ಯರು ನೆಲೆಗೊಳಿಸಿದ ನಾಲ್ಕು ಪೀಠಗಳಲ್ಲೊಂದೆಂದು ಸಂಪ್ರದಾಯ. ಬದರಿಯ ಬಾಗಿಲು ಮುಚ್ಚಿರುವ ಚಳಿಗಾಲದಲ್ಲಿ ಪೂಜೆ ನಡೆಯುವುದು ಇಲ್ಲಿಯ ನರಸಿಂಹನ ಗುಡಿಯಲ್ಲಿ. ಇಲ್ಲಿಂದ ದಾರಿ ಎರಡಾಗುವುದು. ಒಂದು ವಿಷ್ಣುಪ್ರಯಾಗಕ್ಕಿಳಿದು ಬದರಿಗೆ. ಇನ್ನೊಂದು ಧೌಲೀಗಂಗೆಯನ್ನು ಹಿಡಿದು ಟಿಬೆಟ್ಟಿನ ಎಲ್ಲೆಯಾದ ನೀತಿಘಾಟಿಯ ಕಡೆಗೆ. ಈ ಎರಡನೆಯ ದಾರಿಯಲ್ಲಿ ಯಾತ್ರಿಕರು ಹೋಗುವುದು ಕಡಮೆ. ಹೋದರೆ ಸುಮಾರು ೨೫ ಕಿಲೋಮೀಟರು ದೂರದಲ್ಲಿ, ಋಷಿಗಂಗೆಯು ಧೌಲಿಯನ್ನು ಸೇರುವೆಡೆಯಲ್ಲಿ, ರೇಣಿ ಎಂಬ ಸಣ್ಣ ಗ್ರಾಮವಿದೆ.

ಅಲ್ಲಿಯವರು ಭೋಟಿಯಾ ಜನ. ಬೇಸಗೆಯಲ್ಲಿ ಘಾಟಿಯನ್ನು ದಾಟಿ ಟಿಬೆಟ್ಟಿಗೆ ಧಾನ್ಯವನ್ನು ಒಯ್ಯುವುದು, ಅಲ್ಲಿಂದ ಉಪ್ಪನ್ನೂ ಉಣ್ಣೆಯನ್ನೂ ಕುರಿಗಳ ಬೆನ್ನ ಮೇಲೆ ಹೇರಿಕೊಂಡು ಬರುವುದು, ಇದು ಅವರ ತಲೆತಲಾಂತರದ ವ್ಯಾಪಾರ. ೧೯೬೨ರಲ್ಲಿ ಚೀನದೊಡನೆ ಯುದ್ಧವಾಗಲು ಘಾಟಿ ಮುಚ್ಚಿತು, ವ್ಯಾಪಾರ ನಿಂತಿತು. ಸೈನ್ಯಕ್ಕಾಗಿ ರಸ್ತೆಗಳು ಬಂದುವು. ರಸ್ತೆಯ ಹಿಂದೆಯೇ ಮರದ ಗುತ್ತಿಗೆದಾರರೂ ಬಂದರು. ೧೯೭೦ರ ಜುಲೈ ತಿಂಗಳಿನಲ್ಲಿ ಅಲಕನಂದೆಗೆ ಭಯಂಕರವಾದ ಪ್ರವಾಹ ಬಂದಿತು. ಹಿಂದೆ ಹೇಳಿದ ಗೌನಾ ಸರೋವರದ ಉಳಿದ ಭಾಗವೂ ಆಗ ಹೂಳು ತುಂಬಿ ಒಡೆದುಹೋಯಿತು. ಕಾಡು ಕಡಿದ ಇಳಿಜಾರುಗಳ ಕೆಳಗೆ ಹಾನಿ ಹೆಚ್ಚಾದುದನ್ನು ಬೆಟ್ಟದವರು ಕಣ್ಣಾರೆ ಕಂಡರು. ಪಾಠವನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಮುಂದಿನದು ಪ್ರಸಿದ್ಧವಾದ ಸಂಗತಿ. ಆದರೂ ಅದರ ಒಂದಂಶವು ಅಷ್ಟಾಗಿ ಜನರ ಗಮನಕ್ಕೆ ಬಂದಂತಿಲ್ಲ. ೧೯೭೩ರಲ್ಲಿ ಗೋಪೇಶ್ವರದ ಹತ್ತಿರದ ಮಂಡಲ ಗ್ರಾಮದವರು ನೊಗಕ್ಕಾಗಿ ಅಂಗು ಎಂಬ ಮರವನ್ನು ಬೇಡಿದರೆ ಅರಣ್ಯ ಇಲಾಖೆ ಕೊಡಲಿಲ್ಲ. ಆಟದ ಸಾಮಾನುಗಳನ್ನು ಮಾಡುವ ಬಯಲುಸೀಮೆಯ ಕಂಪೆನಿಯೊಂದಕ್ಕೆ ಅದೇ ಮರವನ್ನು ಕೊಟ್ಟಿತು. ಚಂಡೀಪ್ರಸಾದ ಭಟ್ಟರ ಮುಂದಾಳುತನದಲ್ಲಿ ಜನರು ಮರವನ್ನು ಅಪ್ಪಿಕೊಂಡಾದರೂ ಉಳಿಸುವೆವೆಂದು ನಿಂತರು. ಅದೇ ಚಿಪ್ಕೊ. ಮರುವರುಷ ರೇಣಿಯ ಕಾಡು ಹರಾಜಾಯಿತು. ೧೯೭೪ರ ಮಾರ್ಚ್ ೨೬ರಂದು ಊರಿನ ಗಂಡಸರನ್ನೆಲ್ಲ ಚಮೋಲಿಗೆ ಕರೆಯಿಸಿಕೊಂಡಿದ್ದರು. ಯುದ್ಧದ ಕಾಲದಲ್ಲಿ ಸೈನ್ಯಕ್ಕಾಗಿ ತೆಗೆದುಕೊಂಡ ಹೊಲಗಳಿಗೆ ಪರಿಹಾರ ಕೊಡುವುದಾಗಿ ಹೇಳಿಕೆ. ಹನ್ನೆರಡು ವರುಷ ಬಾರದಿದ್ದ ಹಣ ಅದೇ ದಿನ ಬರಬೇಕಾಯಿತು! ಕೊಡಲಿಯವರು ಕಾಡಿನ ಕಡೆಗೆ ಹೋಗುತ್ತಿರುವುದನ್ನು ಒಬ್ಬ ಹುಡುಗಿ ಕಂಡು ಓಡಿಬಂದು ಗೌರಾದೇವಿಗೆ ತಿಳಿಸಿದಳು.

ಗೌರಾದೇವಿ ಹತ್ತಿರದ ಲಾತಾ ಗ್ರಾಮದಲ್ಲಿ ೧೯೨೫ರಲ್ಲಿ ಹುಟ್ಟಿದಾಕೆ. ಇಪ್ಪತ್ತೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ಮಗನನ್ನು ಸಾಕಿ, ಊರಿನ ಮಹಿಳಾಮಂಡಲಕ್ಕೆ ಮುಖ್ಯಳಾಗಿದ್ದಳು. ಓದುಬರಹ ಕಲಿತವಳಲ್ಲ. ಇಪ್ಪತ್ತೇಳು ಮಂದಿ ಹೆಂಗಸರನ್ನೂ ಹುಡುಗಿಯರನ್ನೂ ಕೂಡಿಕೊಂಡು ಕಾಡಿಗೆ ಹೋಗಿ ಕೊಡಲಿಯವರ ಎದುರು ನಿಂತಳು. ಬಂದೂಕು ತೋರಿಸಿ ಬೆದರಿಸಿದುದೂ ಆಯಿತು. ಆಕೆ ಹೇಳಿದ ಮಾತಿನ ತಾತ್ಪರ್ಯವಿಷ್ಟು: ಈ ಕಾಡು ನಮ್ಮ ತವರುಮನೆ, ಇದನ್ನು ಕಡಿದರೆ ಬೆಟ್ಟ ನಮ್ಮ ಊರಿನ ಮೇಲೆ ಬರುವುದು. ಇದು ಭಾವದ ಮಾತೆಂದು ಬಹುಮಂದಿ ಮೆಚ್ಚಿದ್ದಾರೆ. ಭಾವವೂ ಇದ್ದೀತು. ಆದರೆ ಮಾತಿನ ಎರಡನೆಯ ಭಾಗವು ಕೇವಲ ಭೂವಿಜ್ಞಾನ. ದೆಹಲಿಯಿಂದ ಸಸ್ಯಶಾಸ್ತ್ರಜ್ಞರ ಅಧ್ಯಕ್ಷತೆಯಲ್ಲಿ ಬಂದ ಸಮಿತಿಯು ಎರಡು ವರುಷ ವಿಚಾರಮಾಡಿ ಕೊಟ್ಟ ವರದಿಯೂ ಅದನ್ನೇ ಹೇಳಿತು. ಅಲಕನಂದೆಯ ಮೇಲ್ಕಣಿವೆಯಲ್ಲಿ ಹತ್ತು ವರುಷ ಮರ ಕಡಿಯಕೂಡದೆಂದು ನಿಷೇಧವಾಯಿತು.

ಕನ್ನಡನಾಡಿಗೂ ಈ ಸುದ್ದಿ ತಲಪಿತು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿಯ ಬಳಿಯ ಸಾಲ್ಕಣಿಯವರು ತಮ್ಮ ಕಾಡಿನ ಮರಗಳನ್ನು ತಬ್ಬಿ ನಿಂತುದು ಇದರ ಪ್ರೇರಣೆಯಿಂದಲೇ. ಚಿಪ್ಕೊ ಎಂಬುದನ್ನು ಅವರು ಅಪ್ಪಿಕೊ ಎಂದರು. ಹಿಂದಿಯ ಮಾತಿಗೆ ಇಷ್ಟು ಸಹಜವಾಗಿ ಹೊಂದಿಕೊಂಡ ಕನ್ನಡ ಮಾತು ಸರಕಾರದ ಪರಿಭಾಷಾಕೋಶಗಳಲ್ಲಿ ಹುಡುಕಿದರೂ ಸಿಗಲಾರದು.

ಗೆದ್ದವರಿಗೆ ಏನು ದೊರೆಯಿತೆಂಬುದು ಮುಂದಿನ ಪ್ರಶ್ನೆ. ೧೯೮೨ರಲ್ಲಿ ರೇಣಿಯ ಹಿಂದಣ ನಂದಾದೇವಿ ಪ್ರದೇಶವು ರಾಷ್ಟ್ರೀಯ ಉದ್ಯಾನವಾಯಿತು. ಅದರ ಬೆನ್ನಿಗೇ ಅಲ್ಲಿಗೆ ಯಾರೂ ಹೋಗಕೂಡದೆಂದು ಬಾಗಿಲು ಹಾಕಿದರು. ೧೯೮೮ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ವಿದೇಶದ ಪರ್ವತಾರೋಹಿಗಳು ಗುಂಪುಗುಂಪಾಗಿ ಹೋಗಿ ಕಸ ಬಿಸುಟು ಬಂದುದಕ್ಕೆ ಈ ಕಟ್ಟು ಅಗತ್ಯವಾಗಿತ್ತೆಂದು ಹೇಳುತ್ತಾರೆ, ಇದ್ದೀತು. ಆದರೆ ಕಸ ಬಿಸುಟವರು ಬೇರೆ ಶಿಖರಗಳಿಗೆ ಹೋದರು. ಕುರಿ ಮೇಯಿಸುತ್ತಿದ್ದವರಿಗೆ, ಮೂಲಿಕೆ ಆರಿಸುತ್ತಿದ್ದವರಿಗೆ, ಹೊರೆ ಹೊತ್ತು ದಾರಿ ತೋರಿಸಿ ನಾಲ್ಕು ಕಾಸು ಕಾಣುತ್ತಿದ್ದವರಿಗೆ ಹೋಗಲು ಬೇರೆ ಬೆಟ್ಟವಿರಲಿಲ್ಲ. ಕೊಡಲಿಯಿಂದ ಕಾಡನ್ನು ಉಳಿಸಿದವರೇ ಕಾಡಿನೊಳಗೆ ಅಪರಾಧಿಗಳಾದರು. ೧೯೯೮ರಲ್ಲಿ ಲಾತಾದವರು ತಮ್ಮ ಹಕ್ಕನ್ನು ಹಿಂದಕ್ಕೆ ಕೇಳಿ ಚಳವಳಿ ಹೂಡಿದರು. ಗೌರಾದೇವಿ ಅಷ್ಟರಲ್ಲಿ, ೧೯೯೧ರಲ್ಲಿ, ತೀರಿಕೊಂಡಿದ್ದಳು.

ಆಮೇಲೆ ನೀರಿನ ಸರದಿ. ಗುತ್ತಿಗೆಗೆ ಮರವಿಲ್ಲದಾಗ ನದಿಗಳು ಕಣ್ಣಿಗೆ ಬಿದ್ದುವು. ಋಷಿಗಂಗೆಯ ಮೇಲೆ ರೇಣಿಯ ಕಾಲಬಳಿಯಲ್ಲಿಯೇ ೧೩ ಮೆಗಾವಾಟ್ ಚಿಲ್ಲರೆಯ ಸಣ್ಣ ವಿದ್ಯುದಾಗಾರವೊಂದು ಎದ್ದಿತು. ಅದರ ಕೆಳಗೆ ಧೌಲಿಯ ಮೇಲೆ ತಪೋವನದಲ್ಲಿ ೫೨೦ ಮೆಗಾವಾಟಿನ ದೊಡ್ಡದೊಂದು ಆರಂಭವಾಯಿತು. ಬಂಡೆ ಸಿಡಿಸುವುದರಿಂದ ಊರಿಗೆ ಅಪಾಯವೆಂದು ರೇಣಿಯವರು ೨೦೧೯ರಲ್ಲಿ ಉಚ್ಚ ನ್ಯಾಯಾಲಯದವರೆಗೂ ಹೋದರು. ನಡುವೆ ೨೦೧೩ರ ಜೂನಿನಲ್ಲಿ ಕೇದಾರದ ಮೇಲಣ ಚೋರಾಬಾರಿ ಸರೋವರವು ಒಡೆದು ಸಹಸ್ರಾರು ಯಾತ್ರಿಕರು ಗತಿಸಿದುದನ್ನು ವಾಚಕರು ಮರೆತಿರಲಾರರು.

೨೦೨೧ರ ಫೆಬ್ರವರಿ ೭, ಭಾನುವಾರ, ಬೆಳಗ್ಗೆ ರೋಂಟಿ ಶಿಖರದ ಉತ್ತರಪಾರ್ಶ್ವದಿಂದ ಬಂಡೆಯೂ ಹಿಮವೂ ಕೂಡಿದ ರಾಶಿಯೊಂದು ಕಳಚಿಕೊಂಡಿತು. ಅದರ ಪ್ರಮಾಣವು ಸುಮಾರು ೨ ಕೋಟಿ ೭೦ ಲಕ್ಷ ಘನಮೀಟರು ಎಂದು ಅನಂತರ ವಿಜ್ಞಾನಿಗಳು ಅಳೆದರು. ಐದರಲ್ಲಿ ನಾಲ್ಕು ಪಾಲು ಬಂಡೆ, ಒಂದು ಪಾಲು ಹಿಮ. ಅಹಾರ್ಯವೆಂದ ಕೋಶಕಾರನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ! ಬೀಳುವ ರಭಸಕ್ಕೆ ಹಿಮವೆಲ್ಲ ಕರಗಿ ನೀರಾಗಿ, ಕೆಸರೂ ಕಲ್ಲೂ ಸೇರಿದ ಗೋಡೆಯೊಂದು ಋಷಿಗಂಗೆಯ ಕಣಿವೆಯಲ್ಲಿ ಇಳಿದುಬಂದಿತು. ರೇಣಿಯ ಕೆಳಗಣ ವಿದ್ಯುದಾಗಾರವು ಹೇಳಹೆಸರಿಲ್ಲದಂತಾಯಿತು. ತಪೋವನದಲ್ಲಿ ಸುರಂಗದೊಳಗೆ ಕೆಲಸ ಮಾಡುತ್ತಿದ್ದವರ ಮೇಲೆ ಕೆಸರು ನುಗ್ಗಿತು. ಸತ್ತವರೂ ಕಾಣೆಯಾದವರೂ ಸೇರಿ ಇನ್ನೂರಕ್ಕೂ ಮೇಲೆ. ಬಹುಪಾಲು ದೂರದ ಊರುಗಳಿಂದ ಕೂಲಿಗೆ ಬಂದವರು. ಮೇಲಿನಿಂದ ಸುದ್ದಿ ಕೊಡುವ ಒಂದು ಗಂಟೆಯಾಗಲಿ ಕೊಂಬಾಗಲಿ ಕಣಿವೆಯಲ್ಲಿ ಇರಲಿಲ್ಲ. ಗೌನಾದ ತಂತಿಯಿಂದ ಇಲ್ಲಿಗೆ ನೂರಿಪ್ಪತ್ತಾರು ವರುಷಗಳಾಗಿದ್ದುವು. ಆಕಾಶದಲ್ಲಿ ಉಪಗ್ರಹಗಳು ತಿರುಗುತ್ತಿದ್ದುವು. ಸುರಂಗದಲ್ಲಿದ್ದವನಿಗೆ ಓಡೆಂದು ಹೇಳುವವರು ಇರಲಿಲ್ಲ. ಗೌನಾದಲ್ಲಿ ಹನ್ನೊಂದು ತಿಂಗಳ ಅವಕಾಶವಿತ್ತು, ಇಲ್ಲಿ ನಿಮಿಷಗಳು ಮಾತ್ರ ಎಂಬುದು ನಿಜ. ಆದರೂ ನದಿಯ ವೇಗಕ್ಕಿಂತ ಶಬ್ದದ ವೇಗವು ಹೆಚ್ಚಲ್ಲವೆ?

ಊರಿನ ಮುದುಕರಿಗೆ ಮೊದಲು ಹೊಳೆದ ಕಾರಣವೇ ಬೇರೆ. ೧೯೬೫ರಲ್ಲಿ ಅಮೆರಿಕದ ಗೂಢಚಾರ ಇಲಾಖೆಯವರೂ ಭಾರತದವರೂ ಕೂಡಿ, ಚೀನದ ಅಣ್ವಸ್ತ್ರಪರೀಕ್ಷೆಗಳನ್ನು ಕದ್ದು ಕೇಳುವುದಕ್ಕಾಗಿ, ಪ್ಲುಟೋನಿಯಮ್ ತುಂಬಿದ ಯಂತ್ರವೊಂದನ್ನು ನಂದಾದೇವಿಯ ಮೇಲೆ ಇಡಲು ಹೊರಟು, ಹಿಮಪಾತಕ್ಕೆ ಹೆದರಿ ನಡುದಾರಿಯಲ್ಲಿ ಬಿಟ್ಟುಬಂದರು. ಮುಂದಿನ ವರುಷ ಹೋಗಿ ನೋಡಿದರೆ ಅದಿಲ್ಲ, ಇಂದಿಗೂ ಸಿಕ್ಕಿಲ್ಲ. ೧೯೭೮ರಲ್ಲಿ ಮೊರಾರ್ಜಿ ದೇಸಾಯಿಯವರು ಪಾರ್ಲಿಮೆಂಟಿನಲ್ಲಿ ಈ ಸಂಗತಿಯನ್ನು ಒಪ್ಪಿಕೊಂಡರು. ಅದೇ ಸಿಡಿದು ಪ್ರವಾಹ ಬಂದಿತೆಂದು ರೇಣಿಯವರು ಶಂಕಿಸಿದರು. ವಿಜ್ಞಾನಿಗಳು ಹಾಗಲ್ಲವೆಂದರು, ಅವರ ಮಾತೇ ಸರಿ. ಆದರೆ ಹೇಳದೆ ಕೇಳದೆ ತಲೆಯ ಮೇಲೆ ಅಂಥದನ್ನು ಇಟ್ಟವರಿರುವಾಗ ಹಳ್ಳಿಯವರ ಶಂಕೆಯನ್ನು ಮೌಢ್ಯವೆಂದು ನಗುವುದು ಉಚಿತವಲ್ಲ.

ಜ್ಯೋತಿರ್ಮಠದ ಗತಿಯೂ ಇದೇ ಜಾಡಿನದು. ಆ ಪಟ್ಟಣವು ನಿಂತಿರುವುದು ಗಟ್ಟಿಬಂಡೆಯ ಮೇಲಲ್ಲ, ಎಂದೋ ಕುಸಿದುಬಿದ್ದ ಬೆಟ್ಟದ ಕಲ್ಲುಮಣ್ಣಿನ ರಾಶಿಯ ಮೇಲೆ. ನೆಲ ಬಿರಿಯುವುದನ್ನು ಕಂಡು ಸರಕಾರವು ನೇಮಿಸಿದ ಮಿಶ್ರಾ ಸಮಿತಿಯು ೧೯೭೬ರಲ್ಲಿಯೇ ಇದನ್ನು ಸ್ಪಷ್ಟವಾಗಿ ಬರೆಯಿತು: ಇಳಿಜಾರಿನ ಬಂಡೆಗಳನ್ನು ಅಗೆದು ಸಿಡಿಸಬಾರದು, ಮರ ಕಡಿಯಬಾರದು, ನೆಲವನ್ನು ಪರೀಕ್ಷಿಸದೆ ಭಾರವಾದ ಕಟ್ಟಡಗಳನ್ನು ಕಟ್ಟಬಾರದು, ನೀರು ಇಂಗದಂತೆ ಚರಂಡಿಗಳನ್ನು ಕಟ್ಟಬೇಕು. ಚರಂಡಿಯೊಂದನ್ನು ಬಿಟ್ಟು ಉಳಿದುದೆಲ್ಲ ಕಟ್ಟಲ್ಪಟ್ಟಿತು. ತಪೋವನದ ವಿದ್ಯುದಾಗಾರಕ್ಕಾಗಿ ಬೆಟ್ಟದ ಒಡಲಲ್ಲಿ ಸುರಂಗ ಕೊರೆಯುತ್ತಿದ್ದ ಯಂತ್ರವು ೨೦೦೯ರ ಡಿಸೆಂಬರಿನಲ್ಲಿ ಒಳಗಿನ ಜಲಾಶಯವೊಂದನ್ನು ಚುಚ್ಚಿತು. ಸೆಕೆಂಡಿಗೆ ೭೦೦ರಿಂದ ೮೦೦ ಲೀಟರಿನಂತೆ ನೀರು ಹೊರಬಂದಿತೆಂದು ವಿಜ್ಞಾನಿಗಳು ಮರುವರುಷ ಪ್ರಕಟಿಸಿದರು. ೨೦೨೩ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳ ಗೋಡೆಗಳು ಬಿರಿದುವು. ಹನ್ನೆರಡು ದಿನಗಳಲ್ಲಿ ನೆಲವು ೫.೪ ಸೆಂಟಿಮೀಟರು ಇಳಿಯಿತೆಂದು ಉಪಗ್ರಹದ ಚಿತ್ರಗಳಿಂದ ತಿಳಿದುಬಂದಿತು. ಸುರಂಗವೇ ಕಾರಣವೆಂದು ಊರವರು, ಅಲ್ಲವೆಂದು ಕಂಪೆನಿಯವರು. ಕಾರಣವೊಂದೇ ಇರಬೇಕಾಗಿಲ್ಲ, ಕೆಳಗಿನಿಂದ ನದಿ ಕೊರೆಯುತ್ತದೆ, ಮೇಲಿನಿಂದ ಬಚ್ಚಲ ನೀರು ಇಂಗುತ್ತದೆ, ನಡುವೆ ಆರಂತಸ್ತಿನ ಹೋಟಲು ಕೂರುತ್ತದೆ. ಚಳಿಗಾಲದ ರಾತ್ರಿ ಮನೆ ಬಿಟ್ಟು ಹೊರಟವರಿಗೆ ವಾದದಿಂದ ಬೆಚ್ಚಗಾಗಲಿಲ್ಲ.

ಹೀಗಿರುವಾಗ ಜನರು ಬೆಟ್ಟವನ್ನು ಬಿಟ್ಟು ಇಳಿಯುತ್ತಿರುವುದು ಆಶ್ಚರ್ಯವಲ್ಲ. ೨೦೧೧ರ ಜನಗಣತಿಯು ಉತ್ತರಾಖಂಡದಲ್ಲಿ ಸಾವಿರಕ್ಕೂ ಮಿಕ್ಕಿದ ನಿರ್ಜನ ಗ್ರಾಮಗಳನ್ನು ಎಣಿಸಿತು. ದೇಶದ ಜನಸಂಖ್ಯೆಯೆಲ್ಲ ಏರುತ್ತಿದ್ದ ಆ ದಶಕದಲ್ಲಿ ಪೌಡಿ ಮತ್ತು ಅಲ್ಮೋರಾ ಜಿಲ್ಲೆಗಳ ಜನಸಂಖ್ಯೆ ಇಳಿಯಿತು. ಗಂಡಸರು ಸೈನ್ಯಕ್ಕೋ ದೆಹಲಿಯ ಹೋಟಲುಗಳಿಗೋ ಹೋಗಿ ಹಣ ಕಳುಹಿಸುತ್ತಾರೆ. ಹೊಲ, ದನ, ಸೌದೆ, ನೀರು, ಮುದುಕರು, ಮಕ್ಕಳು ಎಲ್ಲವೂ ಹೆಂಗಸಿನ ಪಾಲು. ಮಕ್ಕಳ ಓದಿಗಾಗಿ ಆಕೆಯೂ ಹೊರಟ ದಿನ ಬಾಗಿಲಿಗೆ ಬೀಗ ಬೀಳುವುದು. ಮೆಟ್ಟಲುಮೆಟ್ಟಲಾಗಿ ಕಟ್ಟಿದ ಹೊಲದ ಕಲ್ಲುಗೋಡೆಯನ್ನು ವರುಷವರುಷವೂ ತಿದ್ದುವ ಕೈಯಿಲ್ಲದಿದ್ದರೆ ಮಳೆಗೆ ಅದೂ ಕುಸಿಯುತ್ತದೆ. ಬೆಟ್ಟವನ್ನು ಹಿಡಿದು ನಿಲ್ಲಿಸಿದ್ದುದು ಬೇರುಗಳಷ್ಟೇ ಅಲ್ಲ.

ರೇಣಿಯಲ್ಲಿ ೨೦೨೧ರ ಜೂನ್ ತಿಂಗಳಿನಲ್ಲಿ ಮತ್ತೆ ಮಳೆ ಹಿಡಿಯಿತು. ಫೆಬ್ರವರಿಯ ಪ್ರವಾಹವು ಬುಡವನ್ನು ಕೊರೆದಿದ್ದುದರಿಂದ ದಂಡೆ ಜರಿಯಿತು, ಗಡಿಗೆ ಹೋಗುವ ರಸ್ತೆ ಕಡಿಯಿತು, ಮನೆಗಳ ಗೋಡೆಗಳು ಸೀಳಿದುವು. ರಸ್ತೆಯ ಅಂಚಿನಲ್ಲಿ ಊರವರು ನಿಲ್ಲಿಸಿಕೊಂಡಿದ್ದ ಗೌರಾದೇವಿಯ ಪ್ರತಿಮೆಯನ್ನು ಅಧಿಕಾರಿಗಳು ಕಳಚಿ ಜ್ಯೋತಿರ್ಮಠಕ್ಕೆ ಸಾಗಿಸಿದರು. ರಾತ್ರಿ ಮನೆಯಲ್ಲಿ ಮಲಗಲು ಧೈರ್ಯವಿಲ್ಲದೆ ಜನರು ಮಕ್ಕಳನ್ನೂ ಹೊದಿಕೆಗಳನ್ನೂ ಎತ್ತಿಕೊಂಡು ಊರ ಮೇಲಣ ಕಾಡಿಗೆ ಹತ್ತಿದರು; ಹೊತ್ತು ಮೂಡುವವರೆಗೆ ಮರಗಳ ಬುಡದಲ್ಲಿ ಕುಳಿತಿದ್ದರು.